ಚೌರಪ್ಪನ ಪಕ್ಕದ ಜಾಗ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ದಿಂಬಂ ಘಾಟಿಯಿಂದ ಶುರುಮಾಡಿ ನೋಡಿದೆ. ತಿರುವಿನ ಮೇಲೆ ತಿರುವು ಬಂದು, ನನ್ನ ವರ್ಣನೆ ಬೆಟ್ಟ ಹತ್ತಿ ಮುಗಿಯುವಷ್ಟರಲ್ಲಿ ಓದುಗರಿಗೆ ತಲೆ ಸುತ್ತತೊಡಗಿತ್ತು. ಹರಿದುಹಾಕಿದೆ. ಆಮೇಲೆ ಚರ್ಚಿನ ಗಂಟೆಯಿಂದ ಶುರುಮಾಡಿದೆ. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರೆ ಯಾರಾದರೂ ಸತ್ತಿರಲೇಬೇಕು. ಮೊದಲ ಪ್ಯಾರಾದಲ್ಲೇ ಹೆಣ ಬಿದ್ದರೆ ಮುಂದೆ ಏನು ಬರೆಯುವುದು? ಅದನ್ನೂ ಬಿಟ್ಟೆ.

(ತಮಿಳು ಗಡಿಯ ತಾಳವಾಡಿ ಸೀಮೆಯ ಪಣಕಹಳ್ಳಿಯ ಈ ಚರ್ಚನ್ನು ದಯವಿಟ್ಟು ಮ್ಯಾಪಿನಲ್ಲಿ ಹುಡುಕಬೇಡಿ. ಕಳೆದ ವಾರ ನಾನೇ ಕಟ್ಟಿದ್ದು. ಸುಣ್ಣ ಇನ್ನೂ ಆರಿಲ್ಲ, ಗೋಡೆಗೆ ಒರಗಬೇಡಿ.)

ಸರಿ, ಸೆಲ್ವರಾಜನಿಂದಲೇ ಶುರುವಾಗಲಿ.

೨

ಸೆಲ್ವರಾಜ್ ವ್ಯಾನ್ ಓಡಿಸುವವನು. ಮದುವೆ ಸೀಸನ್ ಇಲ್ಲದಾಗ ವ್ಯಾನ್ ಮನೆ ಮುಂದೆ ನಿಂತು ಕೋಳಿಗಳಿಗೆ ನೆರಳು ಕೊಡುತ್ತಿತ್ತು. ಅದನ್ನು ನೋಡಲಾಗದೆ ಅವನು ‘ಹೆರಿಟೇಜ್ ವಾಕ್’ ಹುಟ್ಟುಹಾಕಿದ. ಶನಿವಾರ ಶನಿವಾರ ಕೊಯಮತ್ತೂರು, ಈರೋಡಿನ ಕಡೆಯಿಂದ ಟೋಪಿ ಹಾಕಿಕೊಂಡು ಬರುವ ಜನಕ್ಕೆ ದಿಂಬಂನಲ್ಲಿ ಟೀ ಕುಡಿಸಿ, ಪಣಕಹಳ್ಳಿಗೆ ಕರೆತಂದು, ಚರ್ಚ್ ತೋರಿಸಿ, ಹಿಂದಿನ ಕಲ್ಲರೆಗೆ ನಡೆಸುತ್ತಾನೆ. (ಕಲ್ಲರೆ ಅಂದರೆ ಸಮಾಧಿಗಳಿರುವ ಜಾಗ. ತಮಿಳಿನ ಮಾತು. ಇಲ್ಲಿ ಸತ್ತವರಿಗೂ ಎರಡು ಭಾಷೆ ಬರುತ್ತದೆ.)

ಆನೆ ಬೀಳಿಸಿಹೋದ ಕಾಂಪೌಂಡ್ ಗೋಡೆಯನ್ನು ಅವನು ‘ಪುರಾತನ ಪ್ರವೇಶದ್ವಾರ’ ಅನ್ನುತ್ತಾನೆ. ಒಳಗೆ ಬಿಳಿ ಪಾದ್ರಿಯೊಬ್ಬರ ಸಮಾಧಿಯಿದೆ. ಅದರ ಮುಂದೆ ನಿಂತು, ಪಾದ್ರಿಗಳು ಕಾಡುದಾರಿಯಲ್ಲಿ ಹುಲಿಗೆ ಎದುರಾಗಿ ಬೈಬಲ್ ಹಿಡಿದು ನಿಂತರು, ಹುಲಿ ತಲೆತಗ್ಗಿಸಿ ಹೋಯಿತು ಅಂತ ಕಥೆ ಹೇಳುತ್ತಾನೆ. ಮೊದಮೊದಲು ಅದು ಕಾಡುಹಂದಿಯಾಗಿತ್ತು. ಟೋಪಿಯವರು ಅಷ್ಟಾಗಿ ಫೋಟೋ ತೆಗೆಯಲಿಲ್ಲವೆಂದು ಬಡ್ತಿ ಕೊಟ್ಟ.

ಇವನೇ ನನ್ನ ನಾಯಕ ಅಂದುಕೊಂಡಿದ್ದೆ. ಸುಳ್ಳು ಹೇಳುವವನ ಬಗ್ಗೆ ಇನ್ನೊಬ್ಬ ಸುಳ್ಳು ಹೇಳುವವನು ಬರೆದರೆ ವಿಮರ್ಶಕರಿಗೆ ತುಂಬಾ ಇಷ್ಟವಾಗುತ್ತದೆ.

೩

ಕೆಟ್ಟದ್ದು ನೆರಳಿನಿಂದ. ಇಡೀ ಕಲ್ಲರೆಗೆ ಇರುವುದು ಒಂದೇ ಹೊಂಗೆ ಮರ. ಅದರ ನೆರಳು ಬೀಳುವುದು ಪಾದ್ರಿಯ ಸಮಾಧಿಗೂ ಚೌರಪ್ಪ ಎಂಬ ರೈತನ ಸಮಾಧಿಗೂ ನಡುವಿನ ಖಾಲಿ ಜಾಗದ ಮೇಲೆ. ಟೋಪಿಯವರೆಲ್ಲ ಅಲ್ಲೇ ಒತ್ತೊತ್ತಾಗಿ ನಿಂತು, ಹುಲಿ ಬರುವ ಹೊತ್ತಿಗೆ ಕಾಲುನೋವು ಅನ್ನುತ್ತಿದ್ದರು. ಅಲ್ಲೊಂದು ಸಿಮೆಂಟ್ ಬೆಂಚು ಹಾಕಿಸಿದರೆ ಹೇಗೆ ಅಂತ ಸೆಲ್ವರಾಜನಿಗೆ ಹೊಳೆಯಿತು. ಚರ್ಚ್ ಕಮಿಟಿಯವರೂ ಹೂಂ ಅಂದರು.

ಆದರೆ ಅದು ಅವನ ದೊಡ್ಡವ್ವ ಲೂರ್ದಮ್ಮನ ಜಾಗ. ಗಂಡ ಚೌರಪ್ಪನನ್ನು ಮಣ್ಣು ಮಾಡಿದ ದಿನವೇ ಅವಳು ಚರ್ಚಿನ ಆಗಿನ ಸ್ವಾಮಿಗಳನ್ನು ಕೇಳಿ, ಅವನ ಪಕ್ಕದ ಜಾಗವನ್ನು ತನಗೆಂದು ಹಿಡಿದಿಟ್ಟಿದ್ದಳು. ಎಲ್ಲ ಬಾಯಿಮಾತು. ಆ ಸ್ವಾಮಿಗಳೂ ಈಗಿಲ್ಲ.

(ನಿಜ ಹೇಳಬೇಕೆಂದರೆ ನಾನು ಲೂರ್ದಮ್ಮನನ್ನು ಒಂದೇ ಒಂದು ಪ್ಯಾರಾಕ್ಕೆ ಕರೆದಿದ್ದೆ, ಹಿನ್ನೆಲೆಯಲ್ಲಿ ಹುಲ್ಲು ಕೊಯ್ಯುತ್ತಿರಲಿ ಅಂತ. ಅವಳು ಕುಡುಗೋಲು ಕೆಳಗಿಟ್ಟು ಆ ಜಾಗದಲ್ಲಿ ಕಾಲು ಚಾಚಿ ಕೂತುಬಿಟ್ಟಳು. ಕಥೆಯೂ ಅಲ್ಲೇ ಕೂತಿತು.)

ಸೆಲ್ವರಾಜ್ ಸಮಾಧಾನ ಹೇಳಿದ. ಬೆಂಚು ಪರ್ಮನೆಂಟ್ ಅಲ್ಲ, ಅವಳ ಟೈಮ್ ಬಂದಾಗ ಒಡೆಸಿ ತೆಗೆಸಿಕೊಡುತ್ತೇನೆ ಅಂದ. ಸಿಮೆಂಟ್ ಒಂದು ಸಲ ಕೂತ ಮೇಲೆ ಎದ್ದುಹೋದದ್ದನ್ನು ಲೂರ್ದಮ್ಮ ತನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ.

“ನನ್ ಎಣ ಬಾಕ್ಲಲ್ಲಿ ಮಡ್ಗ್ಬುಟ್ಟು ನೀನು ಸುತ್ಗ ಉಡೀಕಂಡು ಓಯ್ತಿಯೇನ್ಲಾ ಸೆಲ್ವ?” ಅಂದಳು.

ಅಂದಿನಿಂದ ಪ್ರತಿ ವಾಕಿಗೂ ಅವಳು ಹಾಜರು. ಕಥೆಯ ಹುಲಿ ಅವಳನ್ನು ಸುತ್ತಿಕೊಂಡು ಹೋಗಬೇಕಾಯಿತು. ನೆರಳಿಗೆ ಬಂದವರಿಗೆಲ್ಲ ಇಲ್ಲಿ ಹಾವಿನ ಹುತ್ತವಿದೆ ಅಂತ ಹೇಳಿ ಬಿಸಿಲಿಗೆ ಓಡಿಸಿದಳು. ಹುತ್ತವೂ ಇರಲಿಲ್ಲ, ಹಾವೂ ಇರಲಿಲ್ಲ. ಇಲ್ಲಿ ಸುಳ್ಳು ಹೇಳದವನೆಂದರೆ ಚೌರಪ್ಪ ಒಬ್ಬನೇ.

೫

ನಾಲ್ಕನೆಯ ಭಾಗ ಎಲ್ಲಿ ಅಂತ ಹುಡುಕುತ್ತಿದ್ದೀರಾ? ಅದರಲ್ಲಿ ಲೂರ್ದಮ್ಮ ಸತ್ತಿದ್ದಳು. ಬೆಂಚು ಹಾಕುವ ಹಿಂದಿನ ದಿನ, ನಿದ್ದೆಯಲ್ಲಿ, ನಗುನಗುತ್ತಾ. ಅವಳ ಜಾಗ ಅವಳಿಗೆ ಸಿಗುತ್ತದೆ, ಸೆಲ್ವರಾಜ್ ಅಳುತ್ತಾನೆ, ಹೊಂಗೆ ಹೂವು ಉದುರುತ್ತದೆ. ಒಳ್ಳೆ ಎಂಡಿಂಗ್. ಬರೆದು ನನಗೇ ಕಣ್ಣು ತುಂಬಿತು. ಒಂದು ಮಾತು ಕೇಳೋಣವೆಂದು ಅವಳಿಗೆ ಓದಿ ಹೇಳಿದೆ.

“ನಿನ್ ಕತ ಮುಗಿಬೇಕು ಅಂತ ನಾ ಸಾಯ್ಬೇಕೇನ್ಲಾ?” ಅಂದಳು. “ಒಲ್ದಲ್ಲಿ ರಾಗಿ ತೆನ ತುಂಬ್ಕಂಡದ. ಕಾಡಂದಿ ಓಡ್ಸಕ ನಿಮ್ಮವ್ವ ಬಂದಾಳಾ?”

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಗಾದರೆ ಇನ್ನೊಂದು ಎಂಡಿಂಗ್ ಅಂತ, ಬೆಂಚಿನ ಮೇಲೆ ಅವಳ ಹೆಸರನ್ನೇ ಕೆತ್ತಿಸಿ ಅವಳನ್ನೇ ಕೂರಿಸುತ್ತೇನೆ ಅಂದೆ. ತನಗೆ ಬೇಕಾಗಿರುವುದು ಕೂರುವ ಜಾಗವಲ್ಲ, ಮಲಗುವ ಜಾಗ ಅಂದಳು. ಮೂರನೆಯದರಲ್ಲಿ ಬಿಳಿ ಪಾದ್ರಿಯ ಮರಿಮೊಮ್ಮಗ ಫ್ರಾನ್ಸಿನಿಂದ ಬಂದು ಜಗಳ ಬಿಡಿಸುವವನಿದ್ದ. ಪಾದ್ರಿಗೆ ಮರಿಮೊಮ್ಮಗ ಎಲ್ಲಿಂದ ಬರುತ್ತಾನೆ ಅನ್ನುವುದು ಪೂರ್ತಿ ಬರೆದ ಮೇಲೆ ಹೊಳೆಯಿತು.

ಸೋತು ಕೇಳಿದೆ, ಅಷ್ಟು ದೊಡ್ಡ ಕಲ್ಲರೆಯಲ್ಲಿ ಆ ಜಾಗವೇ ಯಾಕೆ? ಚೌರಪ್ಪನ ಮೇಲೆ ಅಷ್ಟೊಂದು ಪ್ರೀತಿಯೇ?

ಪ್ರೀತಿಯ ಮಾತು ಅವಳು ಎತ್ತಲಿಲ್ಲ. ಬಸ್ಸಿನ ಕಥೆ ಹೇಳಿದಳು. ಸತ್ಯಮಂಗಲದ ಆಸ್ಪತ್ರೆಯಿಂದ ಇಬ್ಬರೂ ವಾಪಸ್ ಬರುತ್ತಿದ್ದರು. ಕಿಟಕಿ ಪಕ್ಕ ಯಾರು ಕೂರಬೇಕು ಅಂತ ಶುರುವಾದ ಜಗಳ, ಘಾಟಿ ಹತ್ತುವ ಹೊತ್ತಿಗೆ ಮದುವೆಯ ದಿನದವರೆಗೆ ಹೋಗಿತ್ತು. ಆಗ ಚೌರಪ್ಪ ಒಂದು ಮಾತು ಅಂದ.

“ನೀ ಇಲ್ದಿದ್ರೂ ನಾ ಬದುಕ್ತಿದ್ದಿ ಕಣ.”

ಲೂರ್ದಮ್ಮನ ನಾಲಗೆ ತುದಿಯಲ್ಲೇ ಉತ್ತರವಿತ್ತು. ಆದರೆ ಘಾಟಿಯಲ್ಲಿ ಅವಳು ಬಾಯಿ ತೆರೆದರೆ ಮಾತಿನ ಬದಲು ಬೇರೆ ಏನಾದರೂ ಬರುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮನೆಗೆ ಹೋಗಿ ಹೇಳೋಣ ಅಂತ ತಡೆದಳು. ಮನೆಗೆ ಬಂದ ಚೌರಪ್ಪ ಸುಸ್ತು ಅಂತ ಮಲಗಿದ. ಎದ್ದ ಮೇಲೆ ಹೇಳೋಣ ಅಂದುಕೊಂಡಳು. ಅವನು ಏಳಲಿಲ್ಲ.

“ಅವನ್ ಮಾತ ಅವನು ಆಡ್ಬುಟ್ಟು ಓದ. ನನ್ ಮಾತು ನನ್ನತ್ರನೇ ಅದ. ದೂರದಲ್ಲಿ ಮಲುಗುದ್ರ ಕೇಳ್ಸಾದಾ? ಅವನ್ಗ ಎಡಗಿವಿ ಮೊದ್ಲೇ ಮಂದ.”

ಅವಳ ಜಾಗ ಇರುವುದು ಅವನ ಬಲಕ್ಕೆ.

(ಇಲ್ಲಿ ನಾನೊಂದು ತಮಾಷೆ ಬರೆಯಬೇಕಿತ್ತು. ಆಗಲಿಲ್ಲ. ನನಗೆ ಬೇಜಾರಾಯಿತು, ಅಷ್ಟೇ.)

೬

ಬೆಂಚು ಹಾಕುವ ಶನಿವಾರ ಬಂತು. ಅವತ್ತೇ ಲೂರ್ದಮ್ಮನ ಹೊಲಕ್ಕೆ ಹಂದಿ ನುಗ್ಗಿ ರಾಗಿ ತುಳಿದಿತ್ತು. (ನಾನು ಕಳಿಸಿದ್ದಲ್ಲ. ಕಾಡಂಚಿನ ತಿಗನಾರೆ ಕಡೆಯಿಂದ ಅವೇ ಬಂದದ್ದು.) ಹೋಗದೆ ವಿಧಿಯಿಲ್ಲ, ಹೋದರೆ ಜಾಗ ಉಳಿಯುವುದಿಲ್ಲ. ಅವಳು ಚೌರಪ್ಪನ ಹಳೇ ಟವೆಲನ್ನು ಆ ಜಾಗದ ಮೇಲೆ ಹಾಸಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು ಹೊಲಕ್ಕೆ ಓಡಿದಳು.

ತಾಳವಾಡಿ ಸೀಮೆಯ ಬಸ್ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಯಾರು ಟವೆಲ್ ಹಾಕುತ್ತಾರೋ ಸೀಟು ಅವರದು. ಅವರು ಬರುವುದು ಎಷ್ಟೇ ತಡವಾಗಲಿ, ನಿಂತವರು ನಿಂತೇ ಇರಬೇಕು.

ಗಾರೆ ಕೆಲಸದ ಚಿಕ್ಕಸಿದ್ದ ಕರಣೆ, ಬಾಂಡ್ಲಿ ಹೊತ್ತುಕೊಂಡು ಬಂದವನು ಟವೆಲ್ ನೋಡಿ ನಿಂತುಬಿಟ್ಟ.

“ಸೀಟ್ ಇಡ್ದವ್ರ ಕಣಣ್ಣ. ನಾ ಮುಟ್ಟಕ್ಕಿಲ್ಲ,” ಅಂದ.

ಸೆಲ್ವರಾಜ್ ತಾನೇ ತೆಗೆಯಲು ಬಗ್ಗಿದ. ವ್ಯಾನ್ ಕೊಳ್ಳುವ ಮೊದಲು ಬಸ್ಸಿನಲ್ಲಿ ಕ್ಲೀನರ್ ಆಗಿದ್ದವನು, ಟವೆಲ್ ಜಗಳಗಳಲ್ಲಿ ಪಂಚಾಯ್ತಿ ಮಾಡಿದವನು. ಕೈ ಕಲ್ಲಿನವರೆಗೆ ಹೋಗಿ ನಿಂತಿತು. ಹಂದಿ ಅಟ್ಟಿ ಓಡೋಡಿ ವಾಪಸ್ ಬಂದ ಲೂರ್ದಮ್ಮ, ಬಿದ್ದ ಗೋಡೆಯ ಹತ್ತಿರ ನಿಂತು ನೋಡುತ್ತಿದ್ದಳು. ಟೋಪಿಯವರು ಇದೇನು ಅಂತ ಕೇಳಿದರು. ಸೆಲ್ವರಾಜ್ ಹುಲಿಗೆಂದು ಬಾಯಿ ತೆರೆದ. ಹುಲಿ ಬರಲಿಲ್ಲ. ಇದು ನಮ್ಮ ದೊಡ್ಡಪ್ಪ ಚೌರಪ್ಪನ ಸಮಾಧಿ, ಆತ ಅಂಥದ್ದೇನೂ ಮಾಡಿದವನಲ್ಲ, ರಾಗಿ ಬೆಳೆದ, ಹೆಂಡತಿಯ ಹತ್ತಿರ ಜಗಳವಾಡಿದ, ಪಕ್ಕದ್ದು ನಮ್ಮ ದೊಡ್ಡವ್ವನ ಜಾಗ, ಆಕೆ ಬರುವುದು ಇನ್ನೂ ಬಾಕಿಯಿದೆ ಅಂತ ತಮಿಳಿನಲ್ಲಿ ಹೇಳಿದ. ಟೋಪಿಯವರು ತಾವಾಗಿಯೇ ಟವೆಲಿನಿಂದ ಹಿಂದೆ ಸರಿದು ಬಿಸಿಲಿನಲ್ಲಿ ನಿಂತರು.

ಲೂರ್ದಮ್ಮನಿಗೆ ಎದೆ ತುಂಬಿ ಬಂತು. ಅದು ಯಾರಿಗೂ ಕಾಣಬಾರದೆಂದು ಸೆಲ್ವರಾಜನನ್ನು ಬೈದಳು. ಹುಲಿ ಕಥೆಯೇ ಚೆನ್ನಾಗಿತ್ತು, ಇದನ್ನು ಕೇಳಲು ಅಷ್ಟು ದೂರದಿಂದ ಯಾರು ಬರುತ್ತಾರೆ ಅಂದಳು. ಬೆಂಚು ಗೇಟಿನ ಹತ್ತಿರ ಬಿಸಿಲಿಗೆ ಹೋಯಿತು. ಅದರ ಮೇಲೆ ಯಾರೂ ಕೂರುವುದಿಲ್ಲ.

೭

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿಮಗೂ ನನಗೂ ಒಂದೇ ಪ್ರಶ್ನೆ: ಆ ಉತ್ತರ ಏನು? ನನಗೊಬ್ಬನಿಗೆ ಹೇಳು ಅಂತ ಲೂರ್ದಮ್ಮನನ್ನು ಗೋಗರೆದೆ. ಬೇಕಾದರೆ ಅವಳನ್ನು ಈ ಕಥೆಯಲ್ಲಿ ನೂರು ವರ್ಷ ಬದುಕಿಸುತ್ತೇನೆ ಅಂತ ಆಸೆ ತೋರಿಸಿದೆ.

“ನಿನ್ಗ ಏಳುದ್ರ ನೀ ಬರ್ದ್ಬುಡ್ತಿಯ. ಊರೋರೆಲ್ಲ ಓದ್ತರ,” ಅಂದಳು. “ಆಮೇಲ ಅಲ್ಲಿ ಮಲುಗ್ದಾಗ ಅವನ್ಗ ಏಳಕ ನಂಗೇನ್ ಉಳಿದದ್ಲಾ?”

ಅವಳು ಹೋದ ಮೇಲೆ ಅವಳ ಪರವಾಗಿ ನಾನೇ ಕೆಲವು ಉತ್ತರ ಬರೆದು ನೋಡಿದೆ. ಒಂದು ಬೈಗುಳವಾಯಿತು, ಒಂದು ಪದ್ಯವಾಯಿತು. ಯಾವುದೂ ಚೌರಪ್ಪನನ್ನು ಎಬ್ಬಿಸುವಂತಿರಲಿಲ್ಲ. ಎಲ್ಲವನ್ನೂ ಹೊಡೆದುಹಾಕಿದ್ದೇನೆ.

ಇದರ ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಯಾರೂ ಕೂರಬೇಡಿ. ಅದು ಲೂರ್ದಮ್ಮನದು.