ಅಣ್ಣನ ಅಂಗಡಿಗೆ ಹೋದ ಪಾರ್ಸಲ್ಲು

ನನ್ನಂಥ ದಡ್ಡಿ ಈ ಶೆಟ್ಟಿಕೆರೆಯಲ್ಲಿ ಇನ್ನೊಬ್ಬಳಿಲ್ಲ. ಕಾಯಿ ಸುಲಿಯುವವರು ಬಂದಿದ್ದಾರೆ ಅಂತ ಫೋನನ್ನು ಒಳಗೆ ಚಾರ್ಜಿಗೆ ಹಾಕಿ, ಹಿತ್ತಲಲ್ಲಿ ಅವರಿಗೆ ಕಾಫಿ ಕೊಡುತ್ತ ನಿಂತುಬಿಟ್ಟೆ. ಒಳಗೆ ಬಂದು ನೋಡಿದರೆ ಕೊರಿಯರ್ ಜ್ಞಾನೇಶನ ಮೂರು ಮಿಸ್ಡ್ ಕಾಲ್. ಕೆಳಗೊಂದು ಮೆಸೇಜು: ಪಾರ್ಸಲ್ ತಲುಪಿದೆ, ಪಡೆದವರು ಬಾಲರಾಜು.

ಬಾಲರಾಜು ನನ್ನ ಅಣ್ಣ. ತಿಪಟೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ಆ ಪಾರ್ಸಲ್ಲು ಪ್ರಪಂಚದಲ್ಲಿ ಯಾರ ಕೈಗೆ ಬೇಕಾದರೂ ಸಿಗಬಹುದಿತ್ತು, ಅವನ ಕೈಗೆ ಮಾತ್ರ ಸಿಗಬಾರದಿತ್ತು.

ಜ್ಞಾನೇಶನಿಗೆ ಫೋನ್ ಮಾಡಿದೆ. "ಆಫೀಸಲ್ಲೇ ಇಟ್ಕಳಪ್ಪ, ನಾನೇ ಬತ್ತೀನಿ ಅಂತ ಬಡ್ಕೊಂಡಿರ್ಲಿಲ್ವಾ ನಿಂಗೆ?"

"ನೀವು ಫೋನೇ ಎತ್ಲಿಲ್ಲ ಕಣಕ್ಕ. ದಾರೀಲೇ ನಿಮ್ಮಣ್ಣನ ಅಂಗಡಿ ಸಿಕ್ತು. ನಿಮಗೇ ಅನುಕೂಲ ಆಗ್ಲಿ ಅಂತ ಕೊಟ್ಟೆ."

"ಭಾರಿ ಅನುಕೂಲ ಮಾಡ್ದೆ ಬುಡು, ಪುಣ್ಯಾತ್ಮ!" ಎಂದು ಫೋನಿಟ್ಟೆ. ಉಟ್ಟ ಸೀರೆಯಲ್ಲೇ ಬಸ್ ಸ್ಟಾಪಿಗೆ ಓಡಿದೆ.

ನನಗೊಂದು ಹುಚ್ಚಿದೆ, ಬಣ್ಣದ ಲೈಟಿನ ಸರಗಳ ಹುಚ್ಚು. ಅಂಗಡಿ ಮುಂದೆ ನೇತುಹಾಕುವ ಮಾಮೂಲಿ ಸೀರಿಯಲ್ ಸೆಟ್ಟಲ್ಲ. ಒಂದೊಂದು ಬಲ್ಬಿಗೂ ನೀನು ಕೆಂಪಾಗು, ನೀನು ಹಸಿರಾಗು ಅಂತ ಬೇರೆ ಬೇರೆ ಹೇಳಬಹುದಾದ ಸರ. ಹೋದ ವರ್ಷ ಮನೆ ಮುಂದೆ ಚಿಟ್ಟೆ ಮಾಡಿದ್ದೆ, ರೆಕ್ಕೆ ಬಡಿಯುತ್ತಿತ್ತು. ಊರವರು ನಕ್ಕರೆ ನಗಲಿ, ನನಗೆ ಖುಷಿ. ಬೆಸುಗೆ ಹಾಕುವುದನ್ನು ಕಲಿಸಿದವನು ಅಣ್ಣ. ಸರಗಳನ್ನು ಕೊಡುತ್ತಿದ್ದವನೂ ಅವನೇ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಅಂತ ಉಳಿದಿರುವುದು ಅವನ ಮನೆಯ ಬಾಗಿಲೊಂದೇ.

ಎರಡು ವರ್ಷದಿಂದ ಅವನ ಅಂಗಡಿ ಸೊರಗಿದೆ. ಜನ ಬರುತ್ತಾರೆ, ಬಲ್ಬು ಮುಟ್ಟಿ ನೋಡುತ್ತಾರೆ, ರೇಟು ಕೇಳುತ್ತಾರೆ, ಅಲ್ಲೇ ನಿಂತು ಫೋನಿನಲ್ಲಿ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಾರೆ. ಯುಗಾದಿಗೆ ಹೋದಾಗ ಊಟಕ್ಕೆ ಕೂತವನು, "ಎಲ್ರೂ ಹೋದ್ರು ಪುಷ್ಪಾ. ನೀನೂ ಒಂದಿನ ಹೋಯ್ತೀಯ" ಅಂದ. "ನಮ್ಮವ್ವನಾಣೆಗೂ ಇಲ್ಲ ಕಣಣ್ಣ. ನಿನ್ನಂಗಡಿ ಬಿಟ್ಟು ಬೇರೆ ಕಡೆ ಒಂದು ಬಲ್ಬೂ ತಗಳಲ್ಲ" ಅಂದೆ. ಅವನು ಊಟ ಬಿಟ್ಟು ನನ್ನನ್ನೇ ನೋಡಿದ. ಕಣ್ಣು ಒದ್ದೆಯಾಗಿತ್ತು.

ಅದಾಗಿ ಮೂರು ತಿಂಗಳಿಗೆ ನನಗೆ ನವಿಲಿನ ಹುಚ್ಚು ಹತ್ತಿತು. ಗರಿ ಬಿಚ್ಚುವ ನವಿಲು. ಅದಕ್ಕೆ ಸಾವಿರ ಬಲ್ಬು ಬೇಕು. ಚೀನಾದಿಂದ ಕಳಿಸುವ ಸೈಟೊಂದರಲ್ಲಿ ಅಣ್ಣನ ರೇಟಿನ ಅರ್ಧಕ್ಕೆ ಇತ್ತು. ಯಾರಿಗೆ ಗೊತ್ತಾಗುತ್ತೆ ಅಂತ ಆರ್ಡರ್ ಒತ್ತಿಬಿಟ್ಟೆ. ಅಷ್ಟೇ. ಹೊಟ್ಟೆಗಿಲ್ಲದೆ ಮಾಡಿದ್ದಲ್ಲ, ಯಾರೋ ಬಲವಂತ ಮಾಡಿದ್ದೂ ಅಲ್ಲ. ಅವ್ವನ ಮೇಲಿನ ಆಣೆಯನ್ನು ಅರ್ಧ ರೇಟಿಗೆ ಮುರಿದೆ.

ಪ್ರೈವೇಟ್ ಬಸ್ಸು ಆವತ್ತೇ ಕೈ ತೋರಿದಲ್ಲೆಲ್ಲ ನಿಲ್ಲಬೇಕೇ! ಒಬ್ಬ ಎಳನೀರಿನ ಗೊನೆ ಹತ್ತಿಸಿದ, ಇನ್ನೊಬ್ಬಳು ಚಿಲ್ಲರೆಗೆ ಕಂಡಕ್ಟರ್ ಜತೆ ಜಗಳಕ್ಕೆ ನಿಂತಳು. "ಹೋಗ್ಲಿ ನಡೀರಪ್ಪಾ, ಅವಳ ದುಡ್ಡೂ ನಾನೇ ಕೊಡ್ತೀನಿ" ಎಂದು ಕಿರುಚಿದೆ. ಎಲ್ಲರೂ ತಿರುಗಿ ನೋಡಿದರು. ಡಬ್ಬಿ ಒಡೆಯದೆ ಇರಲಿ ಅವ್ವಾ, ಅಣ್ಣ ಹೆಸರು ಓದದೆ ಇರಲಿ ಅವ್ವಾ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಯಾರನ್ನು ಬೇಡುತ್ತಿದ್ದೇನೆ ಅನ್ನುವುದು ಹೊಳೆದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಡಬ್ಬಿ ಕೌಂಟರಿನ ಮೇಲೇ ಇತ್ತು. ಒಡೆದಿತ್ತು. ಅಣ್ಣ ಪಕ್ಕದಲ್ಲಿ ಕೂತಿದ್ದ. ನಾನು ಬಂದರೆ ಮೊದಲು ಊಟವಾಯಿತಾ ಅಂತ ಕೇಳುವವನು ಇವತ್ತು ಕೇಳಲಿಲ್ಲ.

"ಕೊರಿಯರ್ನೋನು ಏನೂ ಹೇಳ್ದೆ ಇಟ್ಟೋದ, ನಂದೇ ಮಾಲು ಅನ್ಕೊಂಡು ಬಿಚ್ಬುಟ್ಟೆ. ಆಮೇಲೆ ಹೆಸರು ನೋಡ್ದೆ" ಅಂದ. "ಏನೇ ಇದು?"

ಅವನಿಗೆ ಗೊತ್ತಾಗಿದ್ದರೆ ಕಾಲು ಹಿಡಿದುಕೊಳ್ಳಬೇಕು ಅಂತಲೇ ಬಂದಿದ್ದೆ, ದೇವರಾಣೆ ಸುಳ್ಳಲ್ಲ. ಆದರೆ ಅವನ ಮುಖ ನೋಡಿದ ಕೂಡಲೇ ನಾಲಿಗೆ ತನ್ನ ದಾರಿ ತಾನು ಹಿಡಿಯಿತು.

"ಅದು ನಂದಲ್ಲಣ್ಣ! ನಮ್ಮೂರ ಸ್ಕೂಲಿನ ಗುರುಶಾಂತಮ್ಮ ಮೇಡಂದು. ಅವ್ರಿಗೆ ಈ ಸೈಟು ಗೀಟು ಬರಲ್ಲ, ನನ್ ಫೋನಿಂದ ಹಾಕ್ಕೊಟ್ಟೆ. ಬೇಕಾದ್ರೆ ಆಣೆ..."

"ಆಣೆಗೀಣೆ ಬೇಡ ಬುಡು" ಎಂದು ಕೈ ಅಡ್ಡ ಹಿಡಿದ. "ನಿನ್ ಮಾತೇ ಸಾಕು."

ಪಾಪ, ಗುರುಶಾಂತಮ್ಮ ಮೇಡಂಗೆ ಇಂಥ ಲೈಟು ಇರುವುದೇ ಗೊತ್ತಿಲ್ಲ. ಅಣ್ಣ ಎದ್ದು ಮುಖ ತೊಳೆದುಕೊಂಡ. ಎದುರಿನ ಹೋಟೆಲಿಗೆ ಎರಡು ಟೀ ಅಂತ ಕೂಗಿದ. "ಅದು ಬಂದಾಗಿಂದ ಒಂದು ಲೋಟ ನೀರೂ ಇಳಿದಿರ್ಲಿಲ್ಲ ಕಣೇ" ಎಂದು ನಕ್ಕ. ಆ ನಗು ನೋಡಿ ಸತ್ತುಹೋಗಬಾರದಾ ಅನ್ನಿಸಿತು.

ನಕ್ಕು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸರಗಳನ್ನು ಹೊರಗೆಳೆದು ಒಂದೊಂದನ್ನೇ ಹಚ್ಚಿ ನೋಡತೊಡಗಿದ. ಈ ಸರಗಳಲ್ಲಿ ಒಂದು ಬಲ್ಬು ಸತ್ತರೆ ಅದರ ಮುಂದಿನವೆಲ್ಲ ಕತ್ತಲು. ನಾಲ್ಕು ಸರ ಅರ್ಧಕ್ಕೇ ನಿಂತವು. "ನೋಡ್ದಾ? ಈಗ ಮೇಡಂ ಇದ್ನ ಚೀನಾಕ್ಕೆ ವಾಪಸ್ ಕಳ್ಸಕ್ಕಾಯ್ತದಾ?" ಎಂದು ಸತ್ತ ಬಲ್ಬುಗಳನ್ನು ಕತ್ತರಿಸಿ ಹಾಕಿ, ತನ್ನ ಅಂಗಡಿಯ ಬಲ್ಬು ತೆಗೆದು ಬೆಸುಗೆ ಹಾಕಲು ಕೂತ.

"ಬುಡಣ್ಣ, ಅವ್ರೇ ಮಾಡ್ಕೊತಾರೆ."

"ನಿನ್ ಗುರ್ತಿನವ್ರು ಕಣೇ. ದುಡ್ಡು ಬೇಡ ಅನ್ನು. ಮುಂದಿನ ಸಲ ಇಲ್ಲಿಗೇ ಬರ್ಲಿ, ಅಷ್ಟೇ."

ಈಗ ಹೇಳು, ಈಗಲಾದರೂ ಹೇಳು ಅಂತ ಒಳಗೆ ಯಾರೋ ಗುದ್ದುತ್ತಿದ್ದರು. ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮಾತು ಶುರುಮಾಡಿದ.

"ನಿಮ್ಮತ್ತಿಗೆ ಬೆಳಿಗ್ಗೆ ಬುತ್ತಿ ತಂದಿದ್ಲು. ಈ ಪಾರ್ಸಲ್ ಮೇಲೆ ನಿನ್ ಹೆಸರು ನೋಡಿ, 'ನಿಮ್ ತಂಗಿ ನಿಮ್ ಕಣ್ಣಿಗೆ ಮಣ್ಣೆರಚವ್ಳೆ' ಅಂದ್ಲು. ನಂಗೆ ತಡಿಯಕ್ಕಾಗ್ಲಿಲ್ಲ ಪುಷ್ಪಾ. 'ನಮ್ಮವ್ವನ ಮೇಲೆ ಆಣೆ ಇಟ್ಟೋಳು ಅವ್ಳು, ಅವ್ಳ ಸುದ್ದಿಗೆ ಬಂದ್ರೆ ಈ ಅಂಗಡಿ ಮೆಟ್ಲು ಹತ್ಬೇಡ' ಅಂದ್ಬುಟ್ಟೆ. ಗಿರಾಕಿಗಳ ಮುಂದೇನೇ. ಅಳ್ತಾ ಹೋದ್ಲು."

ನನ್ನ ಅತ್ತಿಗೆ ಗಂಗಲಕ್ಷ್ಮಿ. ಎರಡು ಬಾಣಂತನಕ್ಕೂ ನನ್ನನ್ನು ನೋಡಿಕೊಂಡವಳು. ಜಗಳಗಂಟಿಯಲ್ಲ, ಸುಳ್ಳುಗಾತಿಯಲ್ಲ. ಇಡೀ ಬೀದಿಯಲ್ಲಿ ನಿಜ ಆಡಿದವಳು ಅವಳೊಬ್ಬಳೇ.

"ಅಣ್ಣ, ಅತ್ಗೇದೇನೂ ತಪ್ಪಿಲ್ಲ..." ಅಂದೆ.

"ನೀನು ಹಂಗೇ ಅಂತೀಯ, ನಂಗೊತ್ತು. ನಿನ್ನಂಥೋಳ ಮೇಲೆ ಅನುಮಾನ ಪಟ್ಲಲ್ಲ!" ಅಷ್ಟರಲ್ಲಾಗಲೇ ಅವನು ಫೋನ್ ಕಿವಿಗೆ ಹಿಡಿದಿದ್ದ. "ಲೇ, ಇವ್ಳೇ, ಪುಷ್ಪ ಇಲ್ಲೇ ಅವ್ಳೆ. ಅದು ಯಾರೋ ಮೇಡಂದಂತೆ. ಏನೇನೋ ಅಂದ್ಯಲ್ಲ, ಈಗ ಅವ್ಳತ್ರ ಒಂದ್ಮಾತು ತಪ್ಪಾಯ್ತು ಅನ್ನು."

ಬೇಡ ಬೇಡ ಎಂದು ಕೈಯಾಡಿಸಿದೆ. ಫೋನು ನನ್ನ ಕೈಗೆ ತುರುಕಿದ.

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ ಅತ್ತಿಗೆ, "ತಪ್ಪಾಯ್ತು ಕಣೇ ಪುಷ್ಪಾ" ಅಂದಳು. ಅತ್ತು ಅತ್ತು ದನಿ ಕಟ್ಟಿತ್ತು. "ನಾನೇ ಏನೇನೋ ಅನ್ಕೊಂಬುಟ್ಟೆ. ಮನ್ಸಲ್ಲಿ ಇಟ್ಕೋಬೇಡ."

ಅಣ್ಣ ಬೆಸುಗೆ ಕಡ್ಡಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

"ಹೋಗ್ಲಿ ಬುಡು ಅತ್ಗೆ, ನಂಗೇನೂ ಬೇಜಾರಿಲ್ಲ" ಅಂದೆ.