ಮೂರರಲ್ಲಿ ಒಳ್ಳೆಯದು

ಆರೋಗ್ಯದ ಹೆಸರಿನಲ್ಲಿ ಫೋನಿಂದ ಫೋನಿಗೆ ಹಾರುವ ಸುದ್ದಿಗಳಲ್ಲಿ ಯಾವುದು ನಿಜ, ಯಾವುದು ಬುರುಡೆ ಎಂದು ಹುಡುಕಿ ಪತ್ರಿಕೆಗೆ ಬರೆಯುವುದು ಅವಳ ಕೆಲಸ. ಕಾಲುಚೀಲದಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದರೆ ಜ್ವರ ಇಳಿಯುತ್ತದೆಯೇ, ನಿಂತು ನೀರು ಕುಡಿದರೆ ಮಂಡಿ ಸವೆಯುತ್ತದೆಯೇ? ಯಾರೋ ಕೇಳುತ್ತಾರೆ, ಇವಳು ಸಂಶೋಧನೆಗಳನ್ನು ತೆರೆದು ಕೂರುತ್ತಾಳೆ. ಎಷ್ಟು ಜನರ ಮೇಲೆ ಪ್ರಯೋಗ ಮಾಡಿದರು, ಹೋಲಿಸಿ ನೋಡಲು ಇನ್ನೊಂದು ಗುಂಪು ಇತ್ತೇ, ಇಲ್ಲವೇ ತಮಗೆ ಬೇಕಾದ ಅಂಕಿ ಹೆಕ್ಕಿಕೊಂಡು ಉಳಿದದ್ದನ್ನು ಚಾಪೆಯ ಕೆಳಗೆ ತಳ್ಳಿದರೇ ಎಂದು ಜಾಲಾಡುತ್ತಾಳೆ. ಓದುಗರು ಅವಳ ಮಾತನ್ನು ನಂಬುತ್ತಾರೆ. ನಂಬದಿರುವುದು ಅವಳ ಭಾವ ಒಬ್ಬರೇ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಭಾವನ ಮನೆಯಲ್ಲಿ ಆ ಗಾದೆ ನಾದಿನಿಗೆ ಮಾತ್ರ ಅನ್ವಯಿಸುತ್ತಿತ್ತು. ಗಿಡವಂತೂ ಅಲ್ಲಿ ಮದ್ದೇ ಆಗಿತ್ತು. ಯಾವುದೋ ವಿಡಿಯೊ ನೋಡಿ ಭಾವ ಯಾವುದೋ ಎಲೆಯ ಕಷಾಯ ಕುದಿಸಲು ಶುರುಮಾಡಿದ್ದರು, ಅಕ್ಕನ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು.

"ಮಾತ್ರೆ ಕಿಡ್ನಿ ತಿನ್ನುತ್ತೆ," ಎಂದು ಭಾವ ಫೋನಿನಲ್ಲಿ ತೀರ್ಪು ಕೊಟ್ಟರು.

"ಭಾವ, ಕಿಡ್ನಿ ತಿನ್ನೋದು ಬಿಪಿ. ಮಾತ್ರೆ ಅದನ್ನ ತಡೆಯುತ್ತೆ."

"ನಿಂದು ಪುಸ್ತಕದ ಮಾತು. ನಾನು ದಿನಾ ಅಳೆದು ನೋಡ್ತಿದ್ದೀನಿ."

ಅಳೆಯುತ್ತಿದ್ದುದೇನೋ ನಿಜ. ಪ್ರತಿ ಸಂಜೆ ಮನೆಯವರ ಗುಂಪಿಗೆ ಭಾವನ ಸಂದೇಶ ಬರುತ್ತಿತ್ತು: ಇವತ್ತು ನೂರ ಮೂವತ್ತೆಂಟು, ಇವತ್ತು ನೂರ ಮೂವತ್ತಾರು. ಅದಕ್ಕೆ ಚಿಕ್ಕಪ್ಪಂದಿರು ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದರು. ಅವಳಿಗೇ ಅನುಮಾನ ಬರತೊಡಗಿತು, ನಿಜವಾಗಿಯೂ ಎಲೆಯಲ್ಲಿ ಏನಾದರೂ ಇದ್ದೀತೇ ಎಂದು. ಅಷ್ಟರಲ್ಲಿ, ಬಟ್ಟೆ ಒಣಗಿಸುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೆ ಎಂದು ಅಕ್ಕ ಮಾತಿನ ನಡುವೆ ಬಾಯಿಬಿಟ್ಟಳು. ಅಕ್ಕ-ತಂಗಿಯರ ಅಮ್ಮನಿಗೂ ಇದೇ ಬಿಪಿ ಇತ್ತು. ಮೆದುಳಿನ ನರ ಒಡೆದು ಬಚ್ಚಲಮನೆಯಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಆಮೇಲೆ ಇವಳ ತಲೆ ಬಾಚಿ, ಬೈದು, ಓದಿಸಿ ದೊಡ್ಡವಳನ್ನಾಗಿ ಮಾಡಿದವಳು ಈ ಅಕ್ಕನೇ. ಇವಳು ಅವತ್ತೇ ಅಕ್ಕನ ಊರಿಗೆ ಬಸ್ಸು ಹತ್ತಿದಳು.

ಸಂಜೆ ಅಳತೆಯ ಸಮಯ. ಭಾವ ನಿವೃತ್ತ ಪಿ.ಟಿ. ಮೇಷ್ಟ್ರು, ಆಯುಷ್ಯವೆಲ್ಲ ಮಕ್ಕಳನ್ನು ಓಡಿಸಿ, ಹಾರಿಸಿ, ಟೇಪು ಹಿಡಿದು ಅಳೆದವರು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ಯಂತ್ರ ಗುಂಯ್ ಎಂದು ನೂರ ಎಪ್ಪತ್ತೆರಡು ತೋರಿಸಿತು. ಭಾವ ಒಂದು ಬೆರಳು ಎತ್ತಿದರು. ಎರಡನೆಯ ಸಲ ನೂರ ಅರವತ್ತೊಂಬತ್ತು ಬಂತು, ಎರಡನೆಯ ಬೆರಳೂ ಎದ್ದಿತು. ಆಮೇಲೆ ಅಕ್ಕನನ್ನು ಹಾಸಿಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ತೋಳನ್ನು ಪೇರಿಸಿದ ತಲೆದಿಂಬುಗಳ ಮೇಲೆ ಎತ್ತರಕ್ಕೆ ಇಡಿಸಿ ಮೂರನೆಯ ಸಲ ಅಳೆದರು.

"ನೂರ ಮೂವತ್ತೇಳು!" ಎಂದು ಘೋಷಿಸಿ ಭಾವ ಫೋನ್ ಕೈಗೆತ್ತಿಕೊಂಡರು.

"ಮೊದಲಿನ ಎರಡು ಏನಾದ್ವು ಭಾವ?"

"ಅದು ಲೆಕ್ಕಕ್ಕಿಲ್ಲ. ಮೂರು ಅವಕಾಶ, ಅದರಲ್ಲಿ ಒಳ್ಳೇದು ದಾಖಲೆಗೆ. ಲಾಂಗ್ ಜಂಪಿನಲ್ಲಿ ಜಗತ್ತೆಲ್ಲ ಇದೇ ನಿಯಮ."

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಇಂಥ ಅಂಕಿ ಹೆಕ್ಕುವ ಕಳ್ಳಾಟವನ್ನು ದೊಡ್ಡ ದೊಡ್ಡ ಪ್ರಾಧ್ಯಾಪಕರಲ್ಲಿ ಕಂಡು ಪುಟಗಟ್ಟಲೆ ಉಗಿದವಳು ಅವಳು. ಆದರೆ ಅವರಿಗೆ ತಾವು ಮಾಡುವುದು ಕಳ್ಳಾಟವೆಂದು ಗೊತ್ತಿರುತ್ತದೆ. ಈ ಮನುಷ್ಯನದು ಅಪ್ಪಟ ಪ್ರಾಮಾಣಿಕತೆ! ಸಿಟ್ಟು ಮಾಡಿಕೊಳ್ಳಲೂ ಜಾಗವಿಲ್ಲ.

"ಅಕ್ಕ ಲಾಂಗ್ ಜಂಪ್ ಮಾಡ್ತಿಲ್ಲ ಭಾವ! ತೋಳು ಮೇಲಿಟ್ರೆ ಅಂಕಿ ಕಮ್ಮಿ ಬಂದೇ ಬರುತ್ತೆ. ಕೂತಾಗ ಬಂದಿದ್ದೇ ಅವಳ ಬಿಪಿ. ಅದು ನೂರ ಎಪ್ಪತ್ತು!"

"ಕೂತಾಗ ಅವಳಿಗೆ ಗಾಬರಿ ಇರುತ್ತೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಕಾಲು ನೆಲಕ್ಕೆ ಅಪ್ಪಳಿಸಿ ಅಡುಗೆಮನೆಗೆ ಹೋದಳು. ಹಿಂದೆಯೇ ಬಂದ ಅಕ್ಕ ಕಷಾಯದ ಪಾತ್ರೆ ತಿಕ್ಕುತ್ತಾ ನಿಂತಳು.

"ನಿನಗೆ ಗೊತ್ತಿತ್ತಾ ಅಕ್ಕ?"

"ಅಂಕಿ ಕಾಣೋದಿಲ್ವೇನೇ ನನಗೆ?"

"ಮತ್ತೆ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ?"

"ದಿನಾ ಸಂಜೆ ಪಕ್ಕದಲ್ಲಿ ಕೂತು ಕೈ ಹಿಡ್ಕೋತಾರೆ ಕಣೇ ಪುಟ್ಟಿ. ನೌಕರಿ ಇರೋವಾಗ ಆ ಮನುಷ್ಯ ಮನೇಲಿ ಎಲ್ಲಿದ್ರು? ಕಮ್ಮಿ ಬಂತು ಅಂದ ತಕ್ಷಣ ಮುಖ ಅರಳುತ್ತೆ. ಹೇಗೆ ಬೇಡ ಅನ್ನಲಿ?"

ಅವಳ ಕಣ್ಣು ತುಂಬಿತು. ಮುಖ ಒರೆಸಿಕೊಂಡು ಹೊರಗೆ ಬಂದಳು. ಅಳೆಯುವುದನ್ನು ಬಿಡಬೇಡಿ, ಕಷಾಯವನ್ನೂ ಬೇಕಾದರೆ ಕೊಡಿ, ಆದರೆ ಮಾತ್ರೆಯನ್ನೂ ಕೊಡಿ ಎಂದು ಭಾವನನ್ನು ಬೇಡಿಕೊಂಡಳು.

ಭಾವ ಕನ್ನಡಕ ಮೇಲೇರಿಸಿದರು. "ಎರಡೂ ಒಟ್ಟಿಗೆ ಕೊಟ್ರೆ ಯಾವುದರಿಂದ ಇಳೀತು ಅಂತ ಹೇಗೆ ಗೊತ್ತಾಗುತ್ತೆ? ಒಂದು ಸಲಕ್ಕೆ ಒಂದನ್ನೇ ಪರೀಕ್ಷೆ ಮಾಡಬೇಕು ಅಂತ ನೀನೇ ಪತ್ರಿಕೇಲಿ ಬರೆದಿದ್ದೆ."

ಇಷ್ಟು ವರ್ಷಗಳಲ್ಲಿ ಭಾವ ಅವಳ ಬರಹ ಓದಿ ನೆನಪಿಟ್ಟುಕೊಂಡದ್ದು ಅದೊಂದೇ ಸಾಲು.

"ಗೊತ್ತಾಗೋದೇ ಬೇಡ!" ಎಂದು ಅವಳು ಕಿರುಚಿದಳು. "ನನಗೆ ಉತ್ತರ ಬೇಡ ಭಾವ, ಅಕ್ಕ ಬೇಕು."

ಭಾವ ಬೆಚ್ಚಿ ಕೂತರು. ಮಾರನೆಯ ದಿನದಿಂದ ಮಾತ್ರೆ ಶುರುವಾಯಿತು, ಕಷಾಯದ ಜೊತೆಗೆ.

ತಿಂಗಳೊಪ್ಪತ್ತಿನಲ್ಲಿ ಅಕ್ಕನ ಬಿಪಿ ಕೂತಾಗಲೂ ಇಳಿಯಿತು, ಯಶಸ್ಸು ಕಷಾಯಕ್ಕೆ ಹೋಯಿತು. ಹೋಗಲಿ ಎಂದು ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಆದರೆ ಒಂದು ಬೆಳಿಗ್ಗೆ, ಇದು ನಿಜವೇ ಎಂದು ಓದುಗರೊಬ್ಬರು ಕಳಿಸಿದ ವಿಡಿಯೊ ತೆರೆದರೆ ಅದರಲ್ಲಿ ಭಾವನೇ ಎಲೆ ಹಿಡಿದು ನಿಂತಿದ್ದಾರೆ! "ಪತ್ರಿಕೆಯಲ್ಲಿ ಬರೆಯುವ ನಮ್ಮ ನಾದಿನಿಯೇ ಕಣ್ಣಾರೆ ನೋಡಿದ್ದಾಳೆ," ಎನ್ನುತ್ತಿದ್ದಾರೆ. ಮಾತ್ರೆಯ ಸುದ್ದಿಯೇ ಇಲ್ಲ. ಕೆಳಗೆ ಆ ಓದುಗರ ಪ್ರಶ್ನೆ: ನಮ್ಮ ಅಮ್ಮನ ಮಾತ್ರೆ ಇವತ್ತಿನಿಂದಲೇ ನಿಲ್ಲಿಸಬಹುದೇ?

ಅವಳಿಗೆ ಮೈಯೆಲ್ಲ ಉರಿಯಿತು. ಸುಳ್ಳು ಎಂದು ಬರೆದರೆ ಭಾವ ಹಟ ಹಿಡಿದು ಅಕ್ಕನ ಮಾತ್ರೆ ಮತ್ತೆ ನಿಲ್ಲಿಸಬಹುದು. ಬರೆಯದಿದ್ದರೆ ಯಾರದೋ ಅಮ್ಮ ಬಚ್ಚಲಮನೆಯಲ್ಲಿ ಬೀಳಬಹುದು. ಆ ಓದುಗರಿಗೆ 'ನಿಲ್ಲಿಸಬೇಡಿ' ಎಂದು ಕೂಡಲೇ ಉತ್ತರ ಕಳಿಸಿದಳು. ಪತ್ರಿಕೆಗೆ ಬರೆಯಲು ಮಾತ್ರ ಕೈ ಬರದೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಬರಿ," ಎಂದಳು.

"ಭಾವ ಮುನಿಸಿಕೊಂಡು ಮಾತ್ರೆ ಬೇಡ ಅಂದ್ರೆ?"

"ಅನ್ನಲಿ. ಪಕ್ಕದಲ್ಲಿ ಕೂರದೇ ಇದ್ರೂ ಇರಲಿ. ಗಂಟಲು ನಂದು ಕಣೇ, ನುಂಗೋಳು ನಾನು. ನನ್ನ ಹೆಸರೂ ಹಾಕು, ಮಾತ್ರೆ ನುಂಗ್ತಿದ್ದಾಳೆ ಅಂತ."