ನೂರಾ ಒಂದು ಡಾಲರ್

ಪೂಜಿತಾ ಕೇಳಿದ್ದು ಒಂದೇ ವಸ್ತು. ಅಣ್ಣನ ಹಳೆಯ ಪಂಚೆ.

ಅವಳು ಅಮೆರಿಕದ ನ್ಯೂಜೆರ್ಸಿಯಲ್ಲಿ ನರ್ಸ್. ಹೆರಿಗೆಗೆ ಇನ್ನು ಐದು ವಾರ ಇತ್ತು. ಉಡುಪಿ ಕಡೆಯ ಅವರ ಮನೆಗಳಲ್ಲಿ ಹುಟ್ಟಿದ ಮಗುವಿಗೆ ನಾಮಕರಣದವರೆಗೆ ಹೊಸ ಬಟ್ಟೆ ಹಾಕುವುದಿಲ್ಲ. ಹಿರಿಯರು ಉಟ್ಟು ಉಟ್ಟು ಮೆತ್ತಗಾದ ಪಂಚೆಯಲ್ಲೋ ಸೀರೆಯಲ್ಲೋ ಸುತ್ತಿ ಮಲಗಿಸುತ್ತಾರೆ. ಸೋದರಮಾವನದ್ದಾದರೆ ಇನ್ನೂ ಒಳ್ಳೆಯದು. ಆ ಸೋದರಮಾವ, ಅಂದರೆ ಮುಕ್ತಾಳ ಗಂಡ ಮಧ್ವೇಶ, ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಫೋನು ಸ್ಪೀಕರಿನಲ್ಲಿದ್ದುದರಿಂದ ಮುಂಬೈ ಹತ್ತಿರದ ಡೊಂಬಿವಲಿಯ ಆ ಎರಡು ಕೋಣೆಯ ಮನೆಯಲ್ಲಿ ಮುಕ್ತಾ, ಅತ್ತೆ, ಮಾವ ಮೂವರೂ ಕೇಳಿಸಿಕೊಂಡರು.

"ಇಲ್ಲದವನದ್ದು ಎಂತಕ್ಕೆ ಮಗಾ? ಅಪ್ಪನದ್ದು ಕಳಿಸ್ತೇನೆ," ಅಂದರು ಅತ್ತೆ ಲೋಲಾಕ್ಷಿ.

"ಅಣ್ಣನದ್ದೇ ಬೇಕು," ಅಂದಳು ಪೂಜಿತಾ. ಲೋಲಾಕ್ಷಿ, "ಆಯ್ತು, ಕಳಿಸುವ," ಅಂದರು.

ಮಧ್ವೇಶನ ಬಟ್ಟೆಗಳನ್ನೆಲ್ಲ ವರ್ಷಾಂತಿಕದ ಹೊತ್ತಿಗೆ ಕೊಟ್ಟುಬಿಟ್ಟಿದ್ದರು. ಉಳಿದದ್ದು ಒಂದೇ ಪಂಚೆ. ಅದು ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಕ್ತಾ ಒಳಗೆ ಹೋಗಿ ತನ್ನ ದಿಂಬಿನ ಕೆಳಗಿಂದ ಅದನ್ನು ತೆಗೆದು ತಂದು ಅತ್ತೆಯ ಕೈಗಿಟ್ಟಳು. ಕೊಡುವಾಗ ಏನೂ ಅನಿಸಲಿಲ್ಲ. ಈಚೆಗೆ ಅವಳಿಗೆ ಎಲ್ಲವೂ ಹಾಗೇ, ತನ್ನ ಕೆಲಸವನ್ನು ಬೇರೆ ಯಾರೋ ಮಾಡುತ್ತಿರುವ ಹಾಗೆ.

ಲೋಲಾಕ್ಷಿ ಪಂಚೆಯನ್ನು ಅಂಟುವಾಳದ ನೀರಿನಲ್ಲಿ ತಾವೇ ಒಗೆದು, ಬಾಲ್ಕನಿಯಲ್ಲಿ ಬಿಸಿಲು ಹುಡುಕಿ ಹುಡುಕಿ ಒಣಗಿಸಿದರು. ಬರೀ ಹಳೆಬಟ್ಟೆ ಕಳಿಸುವುದು ಹೇಗೆಂದು, ನಾಮಕರಣದ ದಿನ ಪೂಜಿತಾ ಉಡಲಿಕ್ಕೆ ಒಂದು ಗಿಳಿಹಸಿರು ರೇಷ್ಮೆ ಸೀರೆಯೂ ಪೆಟ್ಟಿಗೆ ಸೇರಿತು.

ಪೋಸ್ಟಿನಲ್ಲಿ ಆ ಸೆಪ್ಟೆಂಬರ್ ತಿಂಗಳು ಅಮೆರಿಕದ ಪಾರ್ಸಲ್ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿಯ ನಿಯಮ ಬದಲಾಗಿದೆ, ನಮಗೇ ಇನ್ನೂ ಸರಿಯಾಗಿ ಗೊತ್ತಿಲ್ಲ ಎಂದು ಕೌಂಟರಿನವರು ಹೇಳಿ ಕಳಿಸಿದರು. ಹಾಗಾಗಿ ಮುಕ್ತಾ ಮತ್ತು ಮಾವ ವಾಸು ಸ್ಟೇಷನ್ ಪಕ್ಕದ ಖಾಸಗಿ ಕೊರಿಯರ್ ಅಂಗಡಿಗೆ ಹೋದರು. ಅಲ್ಲಿಯ ವಿಕಾಸ್ ಪೆಟ್ಟಿಗೆಯನ್ನು ತೂಗಿದ, ಆಮೇಲೆ ಉದ್ದ, ಅಗಲ, ಎತ್ತರ ಅಳೆದು ತೂಕಕ್ಕಿಂತ ಜಾಸ್ತಿ ಲೆಕ್ಕ ಹೇಳಿದ.

"ಗಾಳಿಗೂ ದುಡ್ಡು ತೆಗೊಳ್ತಾರೆ ಇವರು," ಅಂದರು ವಾಸು ಕನ್ನಡದಲ್ಲಿ.

ವಿಕಾಸ್ ಹಿಂದಿಯಲ್ಲಿ ಬಿಡಿಸಿ ಹೇಳಿದ. ಮೊದಲು ಎಂಟುನೂರು ಡಾಲರಿನ ಮಾಲಿನವರೆಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. ಈಗ ಎಲ್ಲದಕ್ಕೂ ಸುಂಕ. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆಗೆ ಮಾತ್ರ ನೂರು ಡಾಲರಿನವರೆಗೆ ಬಿಡುತ್ತಾರೆ. ಸೀರೆಯ ಬಿಲ್ಲು ತೊಂಬತ್ತು ಡಾಲರಿಗೆ ಬಂತು. ಹಳೆಬಟ್ಟೆಗೆ ಸೊನ್ನೆ ಎಂದು ಬರೆದರೆ ಕಂಪ್ಯೂಟರ್ ಒಪ್ಪುವುದಿಲ್ಲವಂತೆ; ಅದಕ್ಕೆ ಹತ್ತು. ಸರಿಯಾಗಿ ನೂರಾಯಿತು.

"ಮಾವ, ಒಟ್ಟು ನೂರು. ನೀವೇ ಬರೆಯಿರಿ," ಎಂದು ಮುಕ್ತಾ ಫಾರ್ಮನ್ನು ಅವರ ಮುಂದಿಟ್ಟು, ಪೆಟ್ಟಿಗೆಗೆ ಟೇಪು ಸುತ್ತುವುದನ್ನು ನೋಡಲು ಹೋದಳು. ವಾಸು ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತೆಂಟು ವರ್ಷ ಕೂತವರು. ಅವರ ಅಂಕಿಗಳು ಅಚ್ಚು ಹಾಕಿದ ಹಾಗಿರುತ್ತಿದ್ದವು.

ಎಂಟನೆಯ ದಿನ, ಗುರುವಾರ ಸಂಜೆ, ಮುಕ್ತಾಳ ಫೋನಿಗೆ ಸಂದೇಶ ಬಂತು. ನಿಮ್ಮ ಪಾರ್ಸಲ್ ಮಿತಿ ಮೀರಿದೆ, ತಡೆಹಿಡಿಯಲಾಗಿದೆ. ಶುಕ್ರವಾರ ಸಂಜೆ ಐದರೊಳಗೆ ಉತ್ತರ ಬಾರದಿದ್ದರೆ ಬೇಡವೆಂದು ತಿಳಿದು ನಾಶಮಾಡಲಾಗುವುದು. ಸಹಾಯದ ನಂಬರಿಗೆ ಕರೆಮಾಡಿದರೆ ಯಂತ್ರವೊಂದು ಅದೇ ವಾಕ್ಯವನ್ನು ಓದಿ ಹೇಳಿತು. ವಿಕಾಸ್ ಮಾತ್ರ, ಕೊರಿಯರಿನವರ ತುರ್ಭೆಯ ಗೋದಾಮಿಗೆ ಖುದ್ದಾಗಿ ಹೋಗಿಬಿಡಿ ಅಂದ.

ಶುಕ್ರವಾರ ಬೆಳಿಗ್ಗೆ ಮುಕ್ತಾ ತಾನು ಕೆಲಸ ಮಾಡುವ ಠಾಣೆಯ ಕಾಲೇಜಿನ ಲೈಬ್ರರಿಗೆ ರಜೆ ಹೇಳಿದಳು. ವಾಸು ಆಗಲೇ ಚಪ್ಪಲಿ ಹಾಕಿ ನಿಂತಿದ್ದರು.

"ನೀವು ಎಂತಕ್ಕೆ ಮಾವ, ಲೋಕಲ್ ಗಾಡಿ ರಶ್ ಇರ್ತದೆ."

"ನಾನು ಇದೇ ರಶ್ಶಲ್ಲಿ ಮುದುಕನಾದದ್ದು. ನಡಿ."

ಲೋಲಾಕ್ಷಿ ಬಾಗಿಲಿನವರೆಗೆ ಬಂದರು. "ಸೀರೆ ಹೋದ್ರೆ ಹೋಗಲಿ, ಮುಕ್ತಾ," ಅಂದರು.

ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಕಡೆಯ ಗಾಡಿ ಹತ್ತಿದಾಗ ಕೂರಲು ಜಾಗ ಸಿಕ್ಕಿತು. ನಾಶ ಅಂದರೆ ಏನು ಮಾಡುತ್ತಾರೆ? ಹರಿಯುತ್ತಾರೋ, ಸುಡುತ್ತಾರೋ? ಮುಕ್ತಾ ಫೋನಿನ ಆ ಸಂದೇಶವನ್ನು ಮತ್ತೆ ಮತ್ತೆ ತೆರೆದು ಓದಿದಳು. ಇದು ಭಯ ಎಂದು ಗುರುತು ಹತ್ತುವಷ್ಟರಲ್ಲಿ ಐರೋಲಿ ಸ್ಟೇಷನ್ ದಾಟಿತ್ತು. ಎಷ್ಟು ದಿನವಾಗಿತ್ತು ಅವಳಿಗೆ ಯಾವುದಕ್ಕಾದರೂ ಭಯವಾಗಿ. ಕಳೆದುಕೊಳ್ಳಲು ಇನ್ನೂ ಒಂದು ವಸ್ತು ಉಳಿದಿದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

ತುರ್ಭೆಯಲ್ಲಿ ಇಳಿದು ರಿಕ್ಷಾ ಹಿಡಿದರು. ಮಾರ್ಕೆಟ್ಟಿನ ಈರುಳ್ಳಿಯ ವಾಸನೆ ಗೋದಾಮಿನ ಗೇಟಿನವರೆಗೂ ಬಂತು. ಒಳಗೆ ಕಬ್ಬಿಣದ ಕಪಾಟುಗಳ ತುಂಬ ಪೆಟ್ಟಿಗೆಗಳು, ಒಂದೊಂದಕ್ಕೂ ಕೆಂಪು ಚೀಟಿ. ಕಿಟಕಿಯ ಹಿಂದೆ ನಲವತ್ತರ ಆಸುಪಾಸಿನ ಒಬ್ಬ ಕೂತಿದ್ದ. ಎದೆಯ ಮೇಲಿನ ಕಾರ್ಡಿನಲ್ಲಿ ಸಿದ್ರಾಮ ಎಂದಿತ್ತು.

"ಇಷ್ಟು ದೊಡ್ಡ ಗುಡ್ಡೆಯಲ್ಲಿ ನಮ್ಮದು ಎಲ್ಲಿ ಸಿಗ್ತದೆ," ಎಂದು ವಾಸು ಗೊಣಗಿದರು.

ಸಿದ್ರಾಮ ತಲೆ ಎತ್ತಿದ. "ಕನ್ನಡದವರೇನ್ರಿ? ನಂಬರ್ ಹೇಳ್ರಿ ಅಕ್ಕಾರ." ನಂಬರು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದ. "ಇವತ್ತ ಕಡೀ ದಿನ ಐತಲ್ರಿ. ಚಲೋ ಆತು, ಬಂದ್ರಿ."

ಅವನು ಎದ್ದು ಕಪಾಟಿನ ಹತ್ತಿರ ಹೋದ. ಬರಿಗೈಯಲ್ಲಿ ಬಂದ.

"ಇಲ್ಲಿ ಇಲ್ರಿ. ಮುಂಜಾನಿನೇ ಹಿಂದಕ್ಕ ಹಾಕ್ಯಾರ ಕಾಣ್ತದ."

"ಹಿಂದಕ್ಕೆ ಅಂದ್ರೆ?" ಮುಕ್ತಾ ಕೇಳಿದಳು.

"ನಾಶ ಮಾಡೂ ಮಾಲ್ ರೀ. ತಡೀರಿ, ಒಯ್ಯೂ ಗಾಡಿ ಇನ್ನಾ ಬಂದಿಲ್ಲ. ನೋಡತೀನಿ."

ಅವನು ಹೋದ ಬಾಗಿಲನ್ನೇ ನೋಡುತ್ತ ಇಬ್ಬರೂ ನಿಂತರು. ವಾಸು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಕಳೆದು ಐದು ನಿಮಿಷ. ಆಮೇಲೆ ಹತ್ತು. ಆಮೇಲೆ ಇಪ್ಪತ್ತು.

ಸಿದ್ರಾಮ ಬಂದಾಗ ಅವನ ಹೆಗಲ ಮೇಲೆ ಒಂದು ಪೆಟ್ಟಿಗೆ ಇತ್ತು. ಮೂಲೆ ಜಜ್ಜಿತ್ತು, ಮೇಲೆಲ್ಲ ಧೂಳು. ಅಡ್ಡಕ್ಕೆ ವಾಸುವಿನ ಅಚ್ಚಿನ ಅಕ್ಷರದಲ್ಲಿ ಪೂಜಿತಾಳ ವಿಳಾಸ. ಮುಕ್ತಾ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಕೃಷ್ಣಾ," ಅಂದರು ವಾಸು, ಮೆಲ್ಲಗೆ.

ಸಿದ್ರಾಮ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದ. ಅದರಲ್ಲಿ ಅವರ ಫಾರ್ಮಿನ ಚಿತ್ರ. ಸೀರೆ, ತೊಂಬತ್ತು. ಹಳೆಬಟ್ಟೆ, ಹನ್ನೊಂದು. ಒಟ್ಟು, ನೂರಾ ಒಂದು.

"ನೂರರ ಮ್ಯಾಲ ಒಂದೇ ಒಂದು ಡಾಲರ್ ಜಾಸ್ತಿ ಆಗೇತ್ರಿ. ಹಂಗಾಗಿ ಕಂಪ್ಯೂಟರ್ ಹಿಡಕೊಂಡದ."

ಮುಕ್ತಾ ಮಾವನ ಕಡೆ ತಿರುಗಿದಳು. ಅವಳಿಗೆ ಕೇಳುವ ಅಗತ್ಯವೇ ಇರಲಿಲ್ಲ. ಈ ಮನುಷ್ಯ ಯಾವ ಮದುವೆಗೂ ಐನೂರೊಂದರ ಬದಲು ಐನೂರು ಕೊಟ್ಟವರಲ್ಲ. ಅವಳ ಮದುವೆಯ ಲಕೋಟೆಗಳಿಗೆಲ್ಲ ತಾವೇ ಒಂದೊಂದು ರೂಪಾಯಿಯ ನಾಣ್ಯ ಅಂಟಿಸಿದ್ದರು.

"ಮಾವ, ನಾನು ನೂರು ಅಂತ ಹೇಳಿದ್ದೆ."

"ಹೇಳಿದ್ದಿ," ಅಂದರು ವಾಸು. "ಹುಟ್ಟುವ ಮಗುವಿಗೆ ಹೋಗುವ ಉಡುಗೊರೆ ಮೇಲೆ ಸೊನ್ನೆ ಬರೆಯುವುದು ಹೇಗೆ? ಸೊನ್ನೆಯಲ್ಲಿ ಮುಗಿಸುವುದು ಉತ್ತರಕ್ರಿಯೆಗೆ. ಅದನ್ನು ನಾನು ಮಾಡಿ ಆಗಿದೆ." ಕನ್ನಡಕ ಮೇಲೇರಿಸಿ, "ಒಂದು ಡಾಲರ್ ಜಾಸ್ತಿ ಬರೆದ್ರೆ ಅವರಿಗೇ ಮರ್ಯಾದೆ ಅಂತ ತಿಳ್ಕೊಂಡೆ," ಅಂದರು.

ಸಿದ್ರಾಮ ನಕ್ಕುಬಿಟ್ಟ. "ಅಜ್ಜಾರ, ಕಂಪ್ಯೂಟರಿಗೆ ಆಯೇರಿ, ಮುಯ್ಯಿ ಅಂದ್ರ ಏನು ತಿಳೀತದ್ರಿ?"

ಮುಕ್ತಾಳಿಗೂ ನಗು ಬಂತು. ಹೊರಗೆ ಬಂದ ಸದ್ದು ಅವಳದ್ದೇ ಎಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ವಾಸು ಗಾಬರಿಯಿಂದ ಸೊಸೆಯನ್ನು ನೋಡಿದರು, ಆಮೇಲೆ ತಾವೂ ಸ್ವಲ್ಪ ನಕ್ಕರು.

ಸ್ಕ್ಯಾನ್ ಆದ ಫಾರ್ಮನ್ನು ತಿದ್ದಲು ಬರುವುದಿಲ್ಲ ಎಂದು ಸಿದ್ರಾಮ ಹೇಳಿದ. ಹೀಗೇ ಕಳಿಸಿದರೆ ಸುಂಕವೇ ಮಾಲಿನ ಅರ್ಧ ಬೆಲೆಯಷ್ಟಾಗುತ್ತದೆ, ಮೇಲೆ ಬಿಡಿಸುವ ಖರ್ಚು ಬೇರೆ, ಅದೂ ಮುಂಗಡ. ಇಲ್ಲವಾದರೆ ಪೆಟ್ಟಿಗೆ ಬಿಚ್ಚಿ, ಬೇಕಾದದ್ದಷ್ಟನ್ನೇ ಹೊಸ ಫಾರ್ಮಿನಲ್ಲಿ ಕಳಿಸಬಹುದು.

"ಬಿಚ್ಚಿ," ಅಂದಳು ಮುಕ್ತಾ.

ಸೀರೆಯ ಕೆಳಗೆ ಪಂಚೆ ಹಾಗೇ ಇತ್ತು. ಅತ್ತೆ ಮಡಿಸಿದ ಮಡಿಕೆ ಕೂಡ ಕದಲಿರಲಿಲ್ಲ. ಸಿದ್ರಾಮ ಅದನ್ನು ಎತ್ತುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕೂಸಿಗೇನ್ರಿ? ನಮ್ಮ ಕಡೀನೂ ಹಿಂಗ ಹಳೀ ಧೋತರದಾಗ ಸುತ್ತತೀವ್ರಿ. ಯಾರದ್ರಿ ಇದು?"

"ಮಗುವಿನ ಸೋದರಮಾವನದ್ದು," ಅಂದಳು ಮುಕ್ತಾ.

ಸಿದ್ರಾಮ ಅದನ್ನು ಅವಳ ಮಡಿಲಲ್ಲಿಟ್ಟ. "ಒಯ್ಯೂದೋ, ಕಳಸೂದೋ?" ಎಂದಷ್ಟೇ ಕೇಳಿದ.

ಪಂಚೆ ಅವಳ ಮಡಿಲಲ್ಲಿತ್ತು. ಮನೆಗೆ ಒಯ್ಯಬಹುದಿತ್ತು. ಅಮೆರಿಕದವರು ಬಿಡಲಿಲ್ಲ ಎಂದರೆ ಪೂಜಿತಾ ನಂಬುತ್ತಿದ್ದಳು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ವಾಸು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಮುಕ್ತಾ ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಮಧ್ವೇಶನ ವಾಸನೆ ಅದರಲ್ಲಿ ಎಂದೋ ಹೋಗಿತ್ತು. ಅಂಟುವಾಳ ಮತ್ತು ಬಿಸಿಲು ಮಾತ್ರ ಇತ್ತು. ಬೆಳಿಗ್ಗೆಯ ಭಯ ಈಗ ಇರಲಿಲ್ಲ. ಪಂಚೆ ಇದೆ. ಸುಟ್ಟಿಲ್ಲ. ದಿಂಬಿನ ಕೆಳಗೇ ಇರಬೇಕು ಎಂದೇನೂ ಇಲ್ಲ.

"ಕಳಿಸುವುದು. ಸೀರೆ ನಾವು ವಾಪಸ್ ತೆಗೊಂಡು ಹೋಗ್ತೇವೆ."

"ಹಂಗಾದ್ರ ಪೆಟಗಿ ಯಾಕ? ಕವರ್‌ನಾಗ ಹಾಕೂಣು. ಸ್ವಸ್ತಾ ಆಗತದ, ರೊಕ್ಕ ಉಳೀತದ."

"ಈಗ ಗಾಳಿಗೆ ದುಡ್ಡಿಲ್ಲ," ಅಂದರು ವಾಸು.

ಸಿದ್ರಾಮ ಹೊಸ ಫಾರ್ಮು ಮುಂದಿಟ್ಟು, ಹಳೆಬಟ್ಟೆಗೆ ಎಷ್ಟು ಬರೆಯೋಣ, ಹತ್ತೇ ಇರಲೋ ಎಂದು ಕೇಳಿದ. ಮುಕ್ತಾ ಪೆನ್ನನ್ನು ತೆಗೆದುಕೊಂಡು ಮಾವನ ಕೈಗೆ ಕೊಟ್ಟಳು.

"ಹನ್ನೊಂದು ಬರೆಯಿರಿ ಮಾವ."

"ತೊಂದ್ರೆ ಇಲ್ವಾ?" ವಾಸು ಸಿದ್ರಾಮನನ್ನು ಕೇಳಿದರು.

"ನೂರರತನಕ ನಿಮ್ಮ ಖುಷಿ, ಅಜ್ಜಾರ."

ವಾಸು ಒಂದರ ಪಕ್ಕ ಒಂದು, ಎರಡು ನೇರವಾದ ಗೆರೆ ಎಳೆದರು.

ಹೊರಗೆ ಬಂದಾಗ ಮುಕ್ತಾಳಿಗೆ ಹಸಿವಾಯಿತು. ಗೇಟಿನ ಎದುರಿನ ಗಾಡಿಯಲ್ಲಿ ಎರಡು ವಡಾಪಾವ್ ತಿಂದಳು, ಮೂರನೆಯದಕ್ಕೆ ಕೈ ಚಾಚಿದಳು. ವಾಸು ಸೀರೆಯ ಚೀಲ ಹಿಡಿದುಕೊಂಡು ಚಿಲ್ಲರೆ ತೆಗೆದು ಕೊಟ್ಟರು.

ಅದಾಗಿ ಒಂಬತ್ತನೆಯ ದಿನ ಬೆಳಿಗ್ಗೆ ದೋಸೆಯ ಕಾವಲಿ ಒಲೆಯ ಮೇಲಿದ್ದಾಗ ಫೋನು ಸದ್ದು ಮಾಡಿತು. ಪೂಜಿತಾ ಒಂದು ಫೋಟೋ ಕಳಿಸಿದ್ದಳು: ತುಂಬಿದ ಹೊಟ್ಟೆಯ ಮೇಲೆ ಹರಡಿದ ಪಂಚೆ. ಕೆಳಗೆ, "ಬಂತು ಅತ್ತಿಗೆ" ಎಂದಷ್ಟೇ. ಲೋಲಾಕ್ಷಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ದೋಸೆ ಸೀದುಹೋಯಿತು.

"ಅಲ್ಲಿ ಸುಂಕ ಎಷ್ಟು ಹಾಕಿದರಂತೆ?" ಹೊರಗಿನ ಕೋಣೆಯಿಂದ ವಾಸು ಕೇಳಿದರು.

ಮುಕ್ತಾ ಕೊರಿಯರಿನವರ ಸಂದೇಶ ತೆರೆದು ನೋಡಿದಳು.

"ಸೊನ್ನೆ, ಮಾವ."

ವಾಸು ಪೇಪರಿನ ಪುಟ ತಿರುಗಿಸಿದರು.

"ಆಗಲಿ," ಅಂದರು. "ಅದೊಂದು ಸೊನ್ನೆ ಇರಲಿ."